ದೀಪಕ್ಕೆ ಬೊಟ್ಟು

ಎರ್ರಿಸ್ವಾಮಿ ಸ್ಕ್ರೂ ಬಿಚ್ಚಿ
ಬೋರ್ಡಿನ ಹೊಟ್ಟೆ ತೆರೆದಿಟ್ಟ,
ಹೊಗೆ ಹಿಡಿದ ಜೀನ್ಸ್ ಬಂಡಲ್ಲಿನ ಮೇಲೆ.
ಒಳಗೆ ಮೂರು ತಂತಿ, ಹಿಡಿ ನೂಲಿನ ಧೂಳು,
ಹಳೇ ನಾಕಾಣೆಯಷ್ಟಗಲದ
ಒಂದು ನೀಲಿ ಬಿಲ್ಲೆ.
ಅಂಚು ಒಡೆದು ಕಾಡಿಗೆ ಕಾರಿಕೊಂಡಿತ್ತು.

"ಇವನೇ ನೋಡಕ್ಕ ನಿನ್ನ ಕಾವಲುಗಾರ.
ಸತ್ತು ಬಾಳ ದಿನ ಆಗೈತೆ."

ನಾನು ನಂಬಲಿಲ್ಲ.
ನಿನ್ನೆ ರಾತ್ರಿಯವರೆಗೂ ಕರೆಂಟು ಬರುತ್ತಿತ್ತಲ್ಲ,
ಎರಡು ಮಷಿನ್ನಿಗೆ, ಫ್ಯಾನಿಗೆ, ಮೊಬೈಲಿಗೆ,
ತುದಿಗೆ ಸಿಕ್ಕಿಸಿದ ಇನ್ನೊಂದು ಬೋರ್ಡಿಗೆ,
ಅದರಿಂದ ಇಸ್ತ್ರಿಪೆಟ್ಟಿಗೆಗೆ.

"ಬರ್ತೈತಕ್ಕ. ಕಾಯೋನು ಸತ್ತರೆ
ಬಾಗಿಲೇನು ಮುಚ್ಚಿಕೊಳ್ಳಲ್ಲ."

ಸಿಡಿಲೇ ಬೇಕಂತಿಲ್ಲವಂತೆ.
ಹೋದ ಕರೆಂಟು ದಡಕ್ಕನೆ ವಾಪಸಾದಾಗ,
ಹಿಂದಿನ ಓಣಿಯ ವಾಷಿಂಗ್ ಯುನಿಟ್ಟಿನ ಮೋಟರು
ನಿಂತಾಗ, ಹೊರಟಾಗ,
ತಂತಿಯೊಳಗೆದ್ದ ಒಂದೊಂದು ಏಟನ್ನೂ
ಮೈಮೇಲೆ ಹಾಕಿಕೊಂಡು
ಸವೆಯುತ್ತದಂತೆ ಅದು, ಸೋಪಿನ ಹಾಗೆ,
ಸದ್ದಿಲ್ಲದೆ.

"ಹಸಿರು ದೀಪ ಯಾವಾಗ ಆರಿತು?"

ಏನು ಹೇಳಲಿ.
ಹಸಿರು ದೀಪಕ್ಕೆ ನಾನೇ ಬೊಟ್ಟು ಹಚ್ಚಿದ್ದೆ.
ಆಗಿನ್ನೂ ಕೂಸು. ಕಟ್‌ಪೀಸಿನ ಗಾದಿಯ ಮೇಲೆ ಮಲಗಿ
ಆ ಬೆಳಕನ್ನೇ ನೋಡುತ್ತ ಕಣ್ಣು ಮುಚ್ಚುತ್ತಿರಲಿಲ್ಲ.
ಕನ್ನಡಿಗೆ ಅಂಟಿದ್ದ ಮೆರೂನ್ ಬೊಟ್ಟು ಕಿತ್ತು
ಅದರ ಮೇಲೊತ್ತಿದೆ. ಮಲಗಿತು.
ಈಗ ಅವಳು ಎರಡನೇ ಕ್ಲಾಸು.
ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಲೇ ಇತ್ತು,
ಅದನ್ನೇ ಜೀವ ಅಂದುಕೊಂಡಿದ್ದೆ.

ಪ್ಲಗ್ ತಿರುಗಿಸಿ ನೋಡಿದ ಎರ್ರಿಸ್ವಾಮಿ
ನಕ್ಕನೋ ಬೈದನೋ ತಿಳಿಯಲಿಲ್ಲ.
ಮೂರನೇ ದಪ್ಪ ಪಿನ್ನು ಇರಲೇ ಇಲ್ಲ.
ಎರಡೇ ತೂತಿನ ಸಾಕೆಟ್ಟಿಗೆ ಹಿಡಿಸಲೆಂದು
ನಮ್ಮನೆಯವರು ಕೊಯ್ದು ಬಿಸಾಕಿದ್ದರು.
"ಬಂದ ಏಟನ್ನ ಇದು ಎಲ್ಲಿಗೆ ಇಳಿಸಬೇಕಿತ್ತು,
ನಿನ್ನ ತಲೆಮೇಲಾ?"

ನಿನ್ನೆ ರಾತ್ರಿ ಸುಟ್ಟ ಮೀನಿನಂಥ ವಾಸನೆ.
ಎದ್ದು ನೋಡಿದರೆ ಗೋಡೆಯ ಮೇಲೆ ಅಂಗೈಯಗಲ ಕಪ್ಪು,
ಕೆಳಗೆ ಕರಗುವ ಪ್ಲಾಸ್ಟಿಕ್ಕು,
ಮೊಳ ದೂರದಲ್ಲಿ ಸೇಠನ ನೂರೆಂಬತ್ತು ಪ್ಯಾಂಟು.
ಕೊಡ ಎತ್ತಿದ್ದೆ.
"ನೀರು ಬ್ಯಾಡ್ವೇ ಸುಂಕಮ್ಮ!"
ಕೌಲ್ ಬಜಾರಿಗೆಲ್ಲ ಕೇಳುವಂತೆ ಕೂಗಿದ ಮಹಬೂಬ್‌ಬಿ
ಓಡಿ ಹೋಗಿ ಮೇನ್ ಇಳಿಸಿದಳು,
ತಗಡಿನ ಡಬ್ಬಿಯ ಮರಳು ಸುರಿದಳು.
ಕೈಯಲ್ಲಿ ಕೊಡ ಹಾಗೇ ಇತ್ತು, ತುಂಬಿದ್ದು.

ಇವತ್ತು ನೋಡಿದರೆ ಇವನು
ನೀರು ಹಾಕು ಅನ್ನುತ್ತಾನೆ.
ಹಿತ್ತಲಿನ ಅರ್ಥಿಂಗ್ ಗುಂಡಿಗೆ, ದಿನಾ.
ಯಾವ ಕಾಲದ್ದೋ ಇದ್ದಿಲು, ಕಲ್ಲುಪ್ಪು,
ತುಕ್ಕು ಹಿಡಿದ ಪೈಪು, ಮುಚ್ಚಳದ ಮೇಲೆ ಮುರುಕು ಮಷಿನ್ನು.
ಬಳ್ಳಾರಿಯ ಮೇ ತಿಂಗಳಿನ ನೆಲ
ಕಲ್ಲಾಗಿದೆ, ಏನನ್ನೂ ನುಂಗದು.
ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ
ಮಣ್ಣಿಗೆ ಒಂದು ಕೊಡ!
"ಅಕ್ಕಿ ತೊಳೆದದ್ದಾದ್ರೂ ಹಾಕಕ್ಕ,
ನೆಲಕ್ಕೆ ನೆಲದ ಜೀವ ಇರಬೇಕಲ್ಲ."

ಮೂರು ತೂತಿನ ಸಾಕೆಟ್ಟು, ಹೊಸ ತಂತಿ.
ಇಸ್ತ್ರಿಪೆಟ್ಟಿಗೆಗೆ ಗೋಡೆಯಲ್ಲೇ ಬೇರೆ ಜಾಗ.
ಬೋರ್ಡು ಆರುನೂರ ನಲವತ್ತು,
ಅಂದರೆ ಎಂಬತ್ತು ಪ್ಯಾಂಟು. ಮಜೂರಿ ಬೇರೆ.
ಅವನಿಗೆ ಚಾ ಕೊಟ್ಟೆ, ಬಾಕಿ ಬರೆಸಿದೆ.

ಸಂಜೆ ಅಕ್ಕಿ ತೊಳೆದ ನೀರು ಒಯ್ದು ಹೊಯ್ದೆ.
ತುಸು ಹೊತ್ತು ಮೇಲೇ ನಿಂತಿತ್ತು, ಬಿಳಿಯಾಗಿ.
ಆಮೇಲೆ ಗುಳುಕ್ ಅಂತ
ಯಾರೋ ಕುಡಿದ ಹಾಗೆ ಒಳಗೆ ಹೋಯಿತು.

ಮಗಳು ಹೊಸ ಹಸಿರು ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತು
"ಇದಕ್ಕೆ ಬೊಟ್ಟು ಹಚ್ಚಲ್ವಾ ಅಮ್ಮ?" ಅಂದಳು,
ತನ್ನ ಹಣೆಯದ್ದನ್ನೇ ಕಿತ್ತು
ಬೆರಳ ತುದಿಯಲ್ಲಿ ಹಿಡಿದು.